ಜ್ವರ ರಕ್ತದಲ್ಲಿ ಬಿಟ್ಟ ಹರಳು

ಸೊರಬದ ಕಡೆ ಬೇಸಿಗೆಯಲ್ಲಿ ಕಾಡಿಗೆ ಹೋಗಿ ಬಂದವರಿಗೆ ಜ್ವರ ಬಂತೆಂದರೆ ಮನೆಯವರ ಎದೆ ಧಸಕ್ಕೆನ್ನುತ್ತದೆ. 1957ರಲ್ಲಿ ಇದೇ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದಾಗ ಬೆಳಕಿಗೆ ಬಂದ, ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆಯ ಭಯ ಅದು. ಅದಕ್ಕೂ ಹಿಂದಿನ ತಲೆಮಾರುಗಳಲ್ಲಿ ಮಲೆನಾಡನ್ನು ಹಿಂಡಿದ್ದು ಮಲೇರಿಯಾ. ಚಳಿಜ್ವರ ಮರುಕಳಿಸಿ ಗುಲ್ಮ ಊದಿಕೊಂಡರೆ ಜನ ಜ್ವರಗಡ್ಡೆ ಎನ್ನುತ್ತಿದ್ದರು. ಮೈ ಮುಟ್ಟಿ ನೋಡಿದರೆ ಯಾವ ಜ್ವರವೆಂದು ತಿಳಿಯದು. ರಕ್ತವನ್ನೇ ಕೇಳಬೇಕು.

ಹಾಗೆ ಕೇಳುವ ಒಂದು ಬಗೆ ಧ್ರುವೀಕೃತ ಬೆಳಕು. ಸಾಮಾನ್ಯ ಬೆಳಕು ಹಲವು ದಿಕ್ಕುಗಳಲ್ಲಿ ಕಂಪಿಸುತ್ತದೆ. ಪೋಲರಾಯ್ಡ್ ಹಾಳೆ ಒಂದೇ ದಿಕ್ಕಿನ ಕಂಪನವನ್ನು ದಾಟಿಸುತ್ತದೆ. ಸೂಕ್ಷ್ಮದರ್ಶಕದಲ್ಲಿ ರಕ್ತದ ಸ್ಲೈಡಿನ ಕೆಳಗೊಂದು, ಮೇಲೊಂದು ಹಾಳೆ ಇಟ್ಟು, ಮೇಲಿನದನ್ನು ನಿಧಾನವಾಗಿ ತಿರುಗಿಸುತ್ತ ಹೋದರೆ ನೋಟ ಮಬ್ಬಾಗಿ, ಎರಡೂ ಅಡ್ಡವಾದಾಗ ಕಪ್ಪಾಗುತ್ತದೆ. ಆರೋಗ್ಯವಂತರ ಕೆಂಪು ಕಣಗಳು ಆ ಕತ್ತಲಲ್ಲಿ ಮರೆಯಾಗುತ್ತವೆ. ಮಲೇರಿಯಾ ರೋಗಿಯ ರಕ್ತವಾದರೆ ಅಲ್ಲಲ್ಲಿ ಬಿಳಿ ಚುಕ್ಕೆಗಳು ಹೊಳೆಯುತ್ತವೆ.

ಆ ಚುಕ್ಕೆಗಳೇ ಹೀಮೋಜೋಯಿನ್ ಹರಳುಗಳು. ಮಲೇರಿಯಾ ತರುವ ಪರಾವಲಂಬಿ ಜೀವಿ ಕೆಂಪು ಕಣದೊಳಗೆ ಕೂತು ಹಿಮೋಗ್ಲೋಬಿನ್ ತಿನ್ನುತ್ತದೆ. ಆಗ ಬಿಡುಗಡೆಯಾಗುವ, ಕಬ್ಬಿಣವಿರುವ ಹೀಮ್ ಅದಕ್ಕೇ ವಿಷ. ತಾನು ಬದುಕಲು ಅದನ್ನು ಹರಳುಗಟ್ಟಿಸುತ್ತದೆ. ಹರಳಿನೊಳಗೆ ಅಣುಗಳು ಶಿಸ್ತಾಗಿ ಜೋಡಣೆಗೊಂಡಿರುವುದರಿಂದ ಬೆಳಕಿನ ಕಂಪನದ ಸ್ವರೂಪ ಬದಲಾಗಿ, ಒಂದಷ್ಟು ಬೆಳಕು ಮೇಲಿನ ಹಾಳೆಯನ್ನೂ ದಾಟಿ ಬರುತ್ತದೆ. 1897ರಲ್ಲಿ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಪರಾವಲಂಬಿಯನ್ನು ಗುರುತಿಸಿದ್ದೂ ಇದೇ ಹರಳುಗಳ ಬಣ್ಣದ ಸುಳಿವಿನಿಂದ.

ಈ ವಿಧಾನಕ್ಕೆ ಮಿತಿಯಿದೆ. ಸೋಂಕಿನ ಎಳೆಯ ಹಂತದಲ್ಲಿ ಹರಳು ತೀರಾ ಕಡಿಮೆ. ಹೊಳಪು ಕಾಣಲಿಲ್ಲವೆಂದು ಮಲೇರಿಯಾ ಇಲ್ಲವೆನ್ನುವಂತಿಲ್ಲ. ಬಣ್ಣ ಹಾಕಿ ನೋಡುವ ರಕ್ತಲೇಪದ ಪರೀಕ್ಷೆ ಬೇಕೇ ಬೇಕು. ಮಂಗನ ಕಾಯಿಲೆಯ ವೈರಸ್ಸಂತೂ ಇಂಥ ಹರಳನ್ನು ಉಳಿಸುವುದಿಲ್ಲ. ಅದರ ಗಾತ್ರ ಸುಮಾರು 50 ನ್ಯಾನೋಮೀಟರ್, ಕಣ್ಣಿಗೆ ಕಾಣುವ ಬೆಳಕಿನ ತರಂಗಾಂತರ 400ರಿಂದ 700; ಹಾಗಾಗಿ ಬೆಳಕಿನ ಸೂಕ್ಷ್ಮದರ್ಶಕಕ್ಕೆ ಅದು ಕಾಣದು. ಅಲ್ಲಿ ಆರ್‌ಟಿ-ಪಿಸಿಆರ್‌ನಂಥ ಪರೀಕ್ಷೆಯೇ ಗತಿ. ಆದ್ದರಿಂದ ಜ್ವರ ಬಂದವರು ಕಾಡಿಗೆ ಹೋಗಿದ್ದನ್ನು, ಉಣುಗು ಕಚ್ಚಿದ್ದನ್ನು ವೈದ್ಯರಿಗೆ ತಪ್ಪದೆ ಹೇಳಬೇಕು. ಯಾವ ಪರೀಕ್ಷೆ ಮಾಡಿಸಬೇಕೆಂಬುದು ಆ ಮಾತಿನಿಂದಲೇ ತೀರ್ಮಾನವಾಗುತ್ತದೆ.

ದ್ವಿತೀಯ ಪಿಯುಸಿ ಭೌತಶಾಸ್ತ್ರದಲ್ಲಿ ಬೆಳಕಿನ ಧ್ರುವೀಕರಣದ ಪಾಠವಿದೆ. ಶಿಕಾರಿಪುರ, ಸೊರಬದ ಮಕ್ಕಳು ಅದನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿ ಬಿಡಬಾರದು. ಎರಡು ಪೋಲರಾಯ್ಡ್ ಹಾಳೆ, ಕಾಲೇಜಿನ ಸೂಕ್ಷ್ಮದರ್ಶಕ, ಪಾಠಕ್ಕೆಂದೇ ಸಿದ್ಧಪಡಿಸಿದ ಮಲೇರಿಯಾ ಸ್ಲೈಡು ಇಷ್ಟಿದ್ದರೆ ಸಾಕು. ಜ್ವರಗಳ ನಾಡಿನಲ್ಲಿ ಬೆಳೆಯುವ ಮಕ್ಕಳಿಗೆ ಭೌತಶಾಸ್ತ್ರ ಮತ್ತು ವೈದ್ಯಶಾಸ್ತ್ರ ಒಂದೆಡೆ ಸೇರುವುದನ್ನು ತೋರಿಸಲು ಇದಕ್ಕಿಂತ ಒಳ್ಳೆಯ ಪ್ರಯೋಗ ಬೇರೆ ಬೇಕಿಲ್ಲ.