ತೂಕಕ್ಕೆ ಹಾಕುವ ಮುಂಚೆ ಆ ಸ್ಪ್ಯಾನರ್ ಮೇಲಿರೋದನ್ನ ಓದಿ

ಹದಿಮೂರು ಒಳಗೆ ಹೋಗಲ್ಲ, ಹದಿನಾಲ್ಕು ಜಾರುತ್ತೆ. ಹಳೇ ಬುಲೆಟ್ ಇಟ್ಟುಕೊಂಡವರೆಲ್ಲ ಒಂದಲ್ಲ ಒಂದು ಭಾನುವಾರ ಈ ಫಜೀತಿಗೆ ಸಿಕ್ಕವರೇ. ಆನ್‌ಲೈನಿನಲ್ಲಿ ತರಿಸಿದ ಮಿಲಿಮೀಟರ್ ಸೆಟ್ ಫಳಫಳ ಹೊಳೆಯುತ್ತಿರುತ್ತೆ, ಆದರೆ ನಟ್ಟಿಗೆ ಸರಿಯಾಗಿ ಕೂರೋದಿಲ್ಲ. ಹಟಕ್ಕೆ ಬಿದ್ದು ತಿರುಗಿಸಿದರೆ ನಟ್ಟಿನ ಮೂಲೆ ಸವೆದು ಗುಂಡಗಾಗುತ್ತೆ. ಆಮೇಲೆ ಉಳಿ, ಸುತ್ತಿಗೆಯೇ ಗತಿ. ಅದೇ ಜಾಗಕ್ಕೆ, 1/4 ಅಂತ ಬರೆದು ಪಕ್ಕದಲ್ಲಿ ಡಬ್ಲ್ಯೂ ಅಕ್ಷರ ಇರುವ ಮಾಸಲು ಸ್ಪ್ಯಾನರೊಂದನ್ನು ಹಾಕಿ ನೋಡಿ. ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂರುತ್ತೆ.

ಆ ಡಬ್ಲ್ಯೂ ಅಂದರೆ ವಿಟ್ವರ್ತ್. ಜೋಸೆಫ್ ವಿಟ್ವರ್ತ್ ಎಂಬ ಇಂಗ್ಲಿಷ್ ಎಂಜಿನಿಯರ್ 1841ರಲ್ಲಿ ಬೋಲ್ಟಿನ ಮರೆಗಳಿಗೆ (ಥ್ರೆಡ್ಡಿಗೆ) ಒಂದು ಏಕರೂಪದ ಅಳತೆ ಸೂಚಿಸಿದ. ಅದಕ್ಕೂ ಮುಂಚೆ ಒಂದು ಕಾರ್ಖಾನೆಯ ನಟ್ಟು ಇನ್ನೊಂದು ಕಾರ್ಖಾನೆಯ ಬೋಲ್ಟಿಗೆ ಹಿಡಿಯುತ್ತದೆಂಬ ಭರವಸೆಯೇ ಇರಲಿಲ್ಲ. ಗೊಂದಲ ಎಲ್ಲಿದೆ ಅಂದರೆ, ಈ ಸ್ಪ್ಯಾನರಿನ ಮೇಲಿರುವುದು ಅದರ ಬಾಯಿಯ ಅಗಲ ಅಲ್ಲ, ಬೋಲ್ಟಿನ ದಪ್ಪ. ಕಾಲು ಇಂಚು ಅಂದರೆ 6.35 ಮಿ.ಮೀ. ಆದರೆ ಸ್ಪ್ಯಾನರಿನ ಬಾಯಿ ಸುಮಾರು 13.3 ಮಿ.ಮೀ. ಇರುತ್ತೆ. 1908ರ ಹೊತ್ತಿಗೆ ಸಣ್ಣ ಮರೆಗಳ ಬಿ.ಎಸ್.ಎಫ್. ಅಳತೆಯೂ ಬಂತು. ಹೀಗಾಗಿ ಒಂದೇ ಬಾಯಿಯ ಮೇಲೆ 1/4 ಡಬ್ಲ್ಯೂ, 5/16 ಬಿ.ಎಸ್.ಎಫ್. ಅಂತ ಎರಡೂ ಬರೆದಿರುತ್ತೆ. ಮೊದಲ ಸಲ ನೋಡಿದಾಗ ಯಾರಿಗಾದರೂ ಪ್ರಿಂಟಿಂಗ್ ಮಿಸ್ಟೇಕ್ ಅನ್ನಿಸಬೇಕು!

ಹಳೇ ಗಾಡಿಗಳ ಟೂಲ್ಸ್ ಕೂಡಿಡುವ ನನ್ನ ಹುಚ್ಚು ಶುರುವಾದದ್ದೇ ಈ ಅಂಕಿಗಳಿಂದ. ವಾರವೆಲ್ಲ ಲ್ಯಾಪ್‌ಟಾಪ್ ಮುಂದೆ ಕೂರುವ ನನಗೆ, ಕೈಯಲ್ಲಿ ಹಿಡಿದರೆ ತೂಕ ಗೊತ್ತಾಗುವ ವಸ್ತುವೊಂದು ಬೇಕಿತ್ತು ಅನ್ನಿ. ಭಾನುವಾರ ಬೆಳಗ್ಗೆ ಚಿಕ್ಕಪೇಟೆ ಕಡೆಯ ಸಂಡೆ ಬಜಾರ್, ಬಿಡುವಾದಾಗ ಶಿವಾಜಿನಗರದ ಗುಜರಿ ಅಂಗಡಿಗಳು. ಗೋಣಿಚೀಲದ ಮೇಲೆ ಸುರಿದಿರುವ ಕಬ್ಬಿಣದಲ್ಲಿ ನಾನು ಮೊದಲು ಹುಡುಕೋದು ಬ್ರ್ಯಾಂಡ್ ಹೆಸರಲ್ಲ, ಅಳತೆ. ಯಾಕಂದ್ರೆ ಅಳತೆ ಗಾಡಿಯ ಜಾತಕ ಹೇಳುತ್ತೆ.

ಹೇಗೆ ಅಂತೀರಾ? ಮದ್ರಾಸಿನಲ್ಲಿ 1955ರಿಂದ ತಯಾರಾದ ಬುಲೆಟ್ ಮೂಲದಲ್ಲಿ ಬ್ರಿಟಿಷ್ ಗಾಡಿ, ಹಾಗಾಗಿ ಅದರ ಹಳೆಯ ಮಾಡೆಲ್‌ಗಳಿಗೆ ವಿಟ್ವರ್ತ್ ವಂಶದ ಸ್ಪ್ಯಾನರ್ ಬೇಕು. ಮಹೀಂದ್ರಾದವರು 1947ರಲ್ಲಿ ಜೋಡಿಸಲು ಶುರು ಮಾಡಿದ ವಿಲ್ಲೀಸ್ ಜೀಪು ಅಮೆರಿಕದ್ದು. ಅದಕ್ಕೆ ಬಾಯಿಯ ಅಗಲವನ್ನೇ ಇಂಚಿನಲ್ಲಿ ಬರೆದ 7/16, 1/2, 9/16ರ ಸ್ಪ್ಯಾನರ್‌ಗಳು ಬೇಕು. ಇವುಗಳ ಮೇಲೆ ಎ.ಎಫ್. ಅಂತ ಇದ್ದರೂ ಇರಬಹುದು. ಅಂಬಾಸಿಡರ್ ಎಂಜಿನ್ನಿಗೂ ಹೆಚ್ಚಾಗಿ ಇವೇ. ಇತ್ತ ಇಟಲಿ ಮೂಲದ ಫಿಯೆಟ್, ಅಂದರೆ ಆಮೇಲಿನ ಪದ್ಮಿನಿ, ಪೂರ್ತಿ ಮಿಲಿಮೀಟರ್. ನಮ್ಮ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಜಾವಾ, ಯಜ್ಡಿಗಳೂ ಅಷ್ಟೇ, ಜೆಕೊಸ್ಲೊವಾಕಿಯಾದ ವಿನ್ಯಾಸ. ಒಂದು ಗ್ಯಾರೇಜಿನ ಡಬ್ಬಿ ತೆರೆದು ಹತ್ತು ಸ್ಪ್ಯಾನರ್ ನೋಡಿದರೆ ಸಾಕು, ಆ ಮೆಕ್ಯಾನಿಕ್ ಜೀವನವಿಡೀ ಯಾವ ಗಾಡಿ ಬಿಚ್ಚಿದ ಅಂತ ಹೇಳಬಹುದು.

ವಯಸ್ಸು ಗುರುತಿಸುವುದು ಸ್ವಲ್ಪ ನಿಧಾನದ ಕೆಲಸ. ತುಕ್ಕು ನೋಡಿ ಹಳೇದು ಅನ್ನಬೇಡಿ. ಮಲೆನಾಡಿನ ಅಟ್ಟದಲ್ಲಿ ಒಂದು ಮಳೆಗಾಲ ಕಳೆದ ಹೊಸ ಸ್ಪ್ಯಾನರೂ ಅಜ್ಜನ ಕಾಲದ್ದರಂತೆ ಕಾಣುತ್ತೆ. ಅಚ್ಚೊತ್ತಿದ ಅಕ್ಷರವೇ ಸಾಕ್ಷಿ. 'ವೆಸ್ಟ್ ಜರ್ಮನಿ' ಅಂತಿದ್ದರೆ ಅದು 1949ಕ್ಕೂ 1990ಕ್ಕೂ ನಡುವಿನದು, ಆ ಹೆಸರಿನ ದೇಶ ಇದ್ದದ್ದೇ ಅಷ್ಟು ಕಾಲ. ಕೋಳಿಯ ಕಾಲಿನ ಗುರುತಿನಂಥ ಮೂರು ಗೆರೆಯ ಬಾಣ ಕಂಡರೆ ಅದು ಬ್ರಿಟಿಷ್ ಸರ್ಕಾರಿ ಸರಕಿನ ಮುದ್ರೆ. ಪಕ್ಕದಲ್ಲಿ ಇಸವಿಯೂ ಇದ್ದರೆ ನಿಮ್ಮ ಅದೃಷ್ಟ. ಎರಡನೇ ಮಹಾಯುದ್ಧದ ಹೊತ್ತಿಗೆ ಕ್ರೋಮಿಯಂಗೆ ತತ್ವಾರ ಇತ್ತು, ಆದ್ದರಿಂದ ಆ ವರ್ಷಗಳ ಟೂಲ್‌ಗಳಲ್ಲಿ ಹೊಳಪಿನ ಲೇಪ ಅಪರೂಪ. ಮಿಲ್ವಾಕಿಯಲ್ಲಿ 1920ರಲ್ಲಿ ಶುರುವಾದ ಸ್ನ್ಯಾಪ್-ಆನ್ ಕಂಪನಿಯವರು ತಯಾರಾದ ವರ್ಷಕ್ಕೊಂದು ಪುಟ್ಟ ಚಿಹ್ನೆಯನ್ನೇ ಒತ್ತುತ್ತಿದ್ದರು. ಪ್ಲಸ್ ಆಕಾರದ ಸ್ಟಾರ್ ಸ್ಕ್ರೂಡ್ರೈವರ್ ಕೊಟ್ಟು "ಮೊದಲ ಮಹಾಯುದ್ಧದ ಪೀಸು ಸಾರ್" ಅಂತ ಯಾರಾದರೂ ಹೇಳಿದರೆ ನಕ್ಕು ಮುಂದೆ ಹೋಗಿ. ಆ ಫಿಲಿಪ್ಸ್ ಸ್ಕ್ರೂ ಕಾರುಗಳಿಗೆ ಬಂದದ್ದು 1930ರ ದಶಕದ ನಡುವಿನಲ್ಲಿ.

ಇನ್ನೊಂದು ಮಾತು. ಇಂಚಿನ ಅಳತೆ ಇದ್ದ ಮಾತ್ರಕ್ಕೆ ವಿದೇಶಿ ಅಂದುಕೊಳ್ಳಬೇಡಿ. ಜಲಂಧರ್, ಲುಧಿಯಾನ ಕಡೆಯ ಕಾರ್ಖಾನೆಗಳೂ ಇಂಚಿನ ಸ್ಪ್ಯಾನರ್ ಮಾಡಿವೆ. ಅವೇನು ಕಮ್ಮಿ ಅಲ್ಲ. ನಮ್ಮ ಊರಿನ ಲಾರಿ, ಟ್ರ್ಯಾಕ್ಟರುಗಳನ್ನು ಓಡಿಸಿದ್ದು ಅವೇ ತಾನೇ?

ತಂದದ್ದನ್ನು ತೊಳೆಯೋದರಲ್ಲಿ ಅವಸರ ಬೇಡ. ಸೀಮೆಎಣ್ಣೆ ಅಥವಾ ಡೀಸೆಲ್‌ನಲ್ಲಿ ಎರಡು ದಿನ ನೆನೆಸಿ ಹಿತ್ತಾಳೆ ಬ್ರಷ್ಷಿನಲ್ಲಿ ಉಜ್ಜಿದರೆ ಮುಕ್ಕಾಲು ಕೆಲಸ ಮುಗಿಯುತ್ತೆ. ಹಠಮಾರಿ ತುಕ್ಕಿಗೆ ವಿನೆಗರ್ ಸಾಕು, ಮಧ್ಯೆ ಮಧ್ಯೆ ತೆಗೆದು ನೋಡುತ್ತಿರಬೇಕು. ಹುಣಸೆಹಣ್ಣಿನ ನೀರೂ ನಡೆಯುತ್ತೆ, ಅಡುಗೆಮನೆಯಲ್ಲಿ ಯಾರೂ ಇಲ್ಲದಾಗ ಪ್ರಯೋಗ ಮಾಡಿ. ಆಮೇಲೆ ಸೋಡಾ ನೀರಲ್ಲಿ ತೊಳೆದು, ಚೆನ್ನಾಗಿ ಒಣಗಿಸಿ, ತೆಳ್ಳಗೆ ಎಣ್ಣೆ ಸವರಿದರೆ ಆಯಿತು. ಗ್ರೈಂಡರ್, ಬಫಿಂಗ್ ಚಕ್ರದ ಹತ್ತಿರ ಮಾತ್ರ ಒಯ್ಯಬೇಡಿ. ಒಂದು ನಿಮಿಷದ ಹೊಳಪಿಗೆ ಅಚ್ಚಿನ ಅಕ್ಷರ ಅಳಿಸಿಹೋದರೆ ಅದು ಬರೀ ಕಬ್ಬಿಣದ ತುಂಡು.

ಕಬ್ಬಿಣದ ತುಂಡು ಅಂದೆನಲ್ಲ, ಈಗ ಆಗುತ್ತಿರುವುದೂ ಅದೇ. ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು, ಮೈಸೂರಿನ ಜಾವಾ ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. ಆ ಗಾಡಿಗಳನ್ನು ಕಣ್ಣುಮುಚ್ಚಿ ಬಿಚ್ಚುತ್ತಿದ್ದ ಮೇಸ್ತ್ರಿಗಳಿಗೆ ವಯಸ್ಸಾಗಿದೆ. ಮಕ್ಕಳು ಬೇರೆ ಕೆಲಸದಲ್ಲಿದ್ದಾರೆ. ಗ್ಯಾರೇಜಿನ ಜಾಗ ಬಾಡಿಗೆಗೆ ಹೋಗುವ ದಿನ ಟೂಲ್ ಡಬ್ಬಿ ಗುಜರಿಯವನ ತಕ್ಕಡಿ ಏರುತ್ತೆ, ಅಲ್ಲಿಂದ ಕುಲುಮೆಗೆ. ನಮ್ಮಂಥ ಸಂಗ್ರಾಹಕರೂ ಸಾಚಾ ಏನಲ್ಲ. ಹೆಸರಿರುವ ಎರಡು ಪೀಸು ಎತ್ತಿಕೊಂಡು ಉಳಿದದ್ದನ್ನು ಅಲ್ಲೇ ಬಿಟ್ಟುಬಿಡುವವರು ಬೇಕಾದಷ್ಟು ಜನ. ನನಗೆ ಅದು ಹಿಡಿಸೋದಿಲ್ಲ. ಬಿಟ್ಟುಹೋದದ್ದರಲ್ಲೇ ಗ್ಯಾರೇಜಿನ ಬುದ್ಧಿ ಇರುತ್ತೆ: ಕೈ ಹೋಗದ ಸಂದಿಗೆಂದು ಕಾಯಿಸಿ ಬಗ್ಗಿಸಿದ ರಿಂಗ್ ಸ್ಪ್ಯಾನರ್, ತುದಿ ತೇಯ್ದು ತೆಳ್ಳಗೆ ಮಾಡಿದ ಟ್ಯಾಪೆಟ್ ಸ್ಪ್ಯಾನರ್, ಹಳೇ ವಾಲ್ವಿನಿಂದ ಮಾಡಿಕೊಂಡ ಪಂಚ್. ಇವು ಯಾವ ಕ್ಯಾಟಲಾಗಿನಲ್ಲೂ ಸಿಗೋದಿಲ್ಲ.

ಕಳೆದ ವರ್ಷ ಮೈಸೂರಿನಲ್ಲಿ ಅಂಥದ್ದೊಂದು ಡಬ್ಬಿ ನೋಡಲು ಕರೆದಿದ್ದರು. ಮೇಸ್ತ್ರಿ ತೀರಿಕೊಂಡಿದ್ದರು, ಮಾರುತ್ತಿದ್ದವರು ಅವರ ಹೆಂಡತಿ. ಗುಜರಿಯವನು ಆಗಲೇ ಕೆಜಿ ಲೆಕ್ಕದ ರೇಟು ಹೇಳಿಹೋಗಿದ್ದ. ಅದಕ್ಕೆ ಐವತ್ತು ರೂಪಾಯಿ ಸೇರಿಸಿದ್ದರೂ ಅವರು ಸಂತೋಷವಾಗಿ ಕೊಟ್ಟುಬಿಡುತ್ತಿದ್ದರು. ನಾನು ಎಲ್ಲವನ್ನೂ ನೆಲದ ಮೇಲೆ ಹರಡಿ, ಯಾವುದು ಯಾವ ಗಾಡಿಯದು, ಯಾವುದಕ್ಕೆ ಬೆಲೆ ಇದೆ, ಯಾವುದಕ್ಕೆ ಇಲ್ಲ ಅಂತ ಒಂದೊಂದೇ ಹೇಳುತ್ತಾ ಹೋದೆ. ಬಹುಪಾಲು ಮಿಲಿಮೀಟರ್, ಜಾವಾ ಮೇಸ್ತ್ರಿ ಅನ್ನೋದಕ್ಕೆ ಬೇರೆ ಪುರಾವೆ ಬೇಕಿರಲಿಲ್ಲ. ಪ್ರತಿಯೊಂದರ ಹಿಡಿಯ ಮೇಲೂ ಚುಕ್ಕಿ ಚುಕ್ಕಿಯಾಗಿ ಅವರ ಇನಿಷಿಯಲ್ ಹೊಡೆದಿತ್ತು, ಪಕ್ಕದ ಗ್ಯಾರೇಜಿನವರು ಎತ್ತಿಕೊಂಡು ಹೋಗದಿರಲಿ ಅಂತ.

"ಅಕ್ಷರ ಬರೆಯೋಕೆ ಬೇಜಾರು ಪಡೋರು, ಇದರ ಮೇಲೆ ಮಾತ್ರ ಎಷ್ಟು ನೀಟಾಗಿ ಹೊಡೆದಿದ್ದಾರೆ ನೋಡಿ" ಅಂದರು ಆಕೆ.

ಪೂರ್ತಿ ಡಬ್ಬಿಗೆ ಇಬ್ಬರೂ ಒಪ್ಪಿದ ಬೆಲೆ ತೂಕದ ರೇಟಿನ ಐದು ಪಟ್ಟಾಯಿತು. ಅದರಲ್ಲಿ ಒಂದೇ ಒಂದು ಕಿಂಗ್ ಡಿಕ್ ಸ್ಕ್ರೂ ಸ್ಪ್ಯಾನರ್ ಇತ್ತು. ಬರ್ಮಿಂಗ್‌ಹ್ಯಾಮಿನದು, ಇಡೀ ಡಬ್ಬಿಯಲ್ಲಿ ಬೆಲೆಬಾಳುವ ಪೀಸು ಅಂದರೆ ಅದೇ. ಅದನ್ನೂ ಬಿಡಿಸಿ ಹೇಳಿದೆ. ಆಕೆ ಕೈಯಲ್ಲಿ ಹಿಡಿದು ಬಾಯಿಯನ್ನೊಮ್ಮೆ ತೆರೆದು ಮುಚ್ಚಿ ನೋಡಿದರು.

"ಇದೊಂದು ಕೊಡಲ್ಲಪ್ಪ. ಹಿತ್ತಲ ನಲ್ಲಿ ಸೋರಿದರೆ ನಾನು ತಿರುಗಿಸೋದು ಇದರಲ್ಲೇ" ಅಂತ ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಕಾಫಿ ತರಲು ಹೋದರು.