ಜಲಾಶಯದ ರೇಖಾಪಟವನ್ನು ಬೆರಳಿನಿಂದ ಸರಿಸಿ ನೋಡುವ ಕ್ರಮ

ಮಾನ್ವಿ ಮತ್ತು ರಾಯಚೂರು ತಾಲ್ಲೂಕುಗಳ ನೀರಾವರಿಗೆ ತುಂಗಭದ್ರಾ ಎಡದಂಡೆ ನಾಲೆಯೂ, ದೇವದುರ್ಗದ ಕಡೆಗೆ ನಾರಾಯಣಪುರ ಬಲದಂಡೆ ನಾಲೆಯೂ ಬಹುಮಟ್ಟಿಗೆ ಆಧಾರವಾಗಿರುವುವು. ನಾಲೆಯ ಕೊನೆಯಲ್ಲಿ ಭೂಮಿಯುಳ್ಳವರು ಭತ್ತದ ನಾಟಿಗೆ ಮುನ್ನ ಜಲಾಶಯದಲ್ಲಿ ನೀರೆಷ್ಟಿದೆಯೆಂದು ವಿಚಾರಿಸುವುದು ರೂಢಿಯಷ್ಟೆ. ಈ ಲೆಕ್ಕವನ್ನು ಈಗ ಮೊಬೈಲ್ ಫೋನಿನಲ್ಲಿಯೇ ರೇಖಾಪಟದ ರೂಪದಲ್ಲಿ ನೋಡಲು ಸಾಧ್ಯವಾಗಿದೆ. ಆದರೆ ನೋಡುವ ಕ್ರಮವನ್ನರಿಯದಿದ್ದರೆ ಮೋಸಹೋಗುವ ಸಂಭವವುಂಟು.

ಮೂರು ಅಂಗುಲ ಅಗಲದ ಪಟದಲ್ಲಿ ಇಡೀ ವರ್ಷವನ್ನು ತೋರಿಸಿದರೆ ಒಂದಂಗುಲದಲ್ಲಿ ಸುಮಾರು 120 ದಿನಗಳು ಅಡಕವಾಗುವುವು; ದಿನದಿನದ ಏರಿಳಿತವು ಕಾಣದು. ಎರಡು ಬೆರಳುಗಳಿಂದ ಪಟವನ್ನು ಹಿಗ್ಗಿಸಿ 30 ದಿನಗಳನ್ನು ಮಾತ್ರ ಉಳಿಸಿಕೊಂಡರೆ ಒಂದಂಗುಲಕ್ಕೆ 10 ದಿನಗಳಾಗಿ ಎಲ್ಲವೂ ಸ್ಪಷ್ಟವಾಗುವುದು. ಆದರೆ ಉಳಿದ ದಿನಗಳು ಕಣ್ಮರೆಯಾಗುವುವು. ಅವುಗಳನ್ನು ಕಾಣಲು ಒಂದು ಬೆರಳನ್ನೂರಿ ಪಟವನ್ನು ಪಕ್ಕಕ್ಕೆ ಎಳೆಯಬೇಕು. ಉದ್ದವಾದ ಕಾಗದದ ಸುರುಳಿಯನ್ನು ಕಿಟಕಿಯ ಹಿಂದೆ ಸರಿಸಿದಂತೆಯೇ ಇದು. ಎಡಕ್ಕೆಳೆದರೆ ಮುಂದಿನ ದಿನಗಳೂ ಬಲಕ್ಕೆಳೆದರೆ ಹಿಂದಿನ ದಿನಗಳೂ ಗೋಚರಿಸುವುವು. ಬೆರಳು ಒಂದಂಗುಲ ಸರಿದರೆ ಪಟದ ಮೊದಲ ಹಾಗೂ ಕೊನೆಯ ತಾರೀಖುಗಳೆರಡೂ ಸಮನಾಗಿ 10 ದಿನ ಸರಿಯುವುದರಿಂದ ಅಳತೆಯು ವ್ಯತ್ಯಾಸವಾಗುವುದಿಲ್ಲ.

ಇದರ ಅಗತ್ಯಕ್ಕೆ 2024ನೆಯ ಇಸವಿಯೇ ನಿದರ್ಶನವಾಗಿದೆ. ಆ ವರ್ಷ ಜುಲೈ 1ರಿಂದ 30ರವರೆಗಿನ ಪಟದಲ್ಲಿ ತುಂಗಭದ್ರಾ ಜಲಾಶಯವು 1633 ಅಡಿಗಳ ಪೂರ್ಣಮಟ್ಟದತ್ತ ಏರುವುದೇ ಕಾಣುವುದು. ಒಂದಂಗುಲ ಎಡಕ್ಕೆಳೆದರೆ ಜುಲೈ 11ರಿಂದ ಆಗಸ್ಟ್ 9ರವರೆಗಿನ ದಿನಗಳು ಬರುವುವು. ಆಗಲೂ ಆತಂಕವೇನೂ ತೋರದು. ಇನ್ನೊಂದಂಗುಲ ಎಳೆದಾಗಲೇ ನಿಜಸ್ಥಿತಿಯು ತಿಳಿಯುವುದು. ಆಗಸ್ಟ್ 10ರ ರಾತ್ರಿ ಸರಪಳಿ ತುಂಡಾಗಿ 33 ಗೇಟುಗಳ ಪೈಕಿ 19ನೆಯದು ಕೊಚ್ಚಿಹೋಯಿತು. ತಾತ್ಕಾಲಿಕ ಗೇಟನ್ನು ಅಳವಡಿಸುವ ಸಲುವಾಗಿ ನೀರನ್ನು ಹೊರಬಿಡಬೇಕಾಯಿತು, ರೇಖೆಯು ಕೆಳಗಿಳಿಯಿತು. ಜುಲೈ ಪಟವನ್ನಷ್ಟೇ ನಂಬಿದವನಿಗೆ ಇದೊಂದೂ ತಿಳಿಯದು.

ಇಂಥ ಪಟಗಳನ್ನು ಸಿದ್ಧಪಡಿಸುವವರೂ ಕೆಲವು ನಿಯಮಗಳನ್ನು ಪಾಲಿಸತಕ್ಕದ್ದು. ಬೆರಳು ಅಡ್ಡಲಾಗಿ ಚಲಿಸಿದರೆ ಪಟವೂ, ಮೇಲೆಕೆಳಗೆ ಚಲಿಸಿದರೆ ಇಡೀ ಪುಟವೂ ಸರಿಯಬೇಕು. ಬೆರಳನ್ನು ಸರಿಸದೆ ಮುಟ್ಟಿ ಬಿಟ್ಟರೆ ಆ ದಿನದ ಅಂಕಿಯು ಕಾಣಬೇಕು. ಲೆಕ್ಕವು ಮುಗಿದ ತಾರೀಖಿನಲ್ಲಿ ಪಟವು ನಿಲ್ಲಬೇಕು. ಇಲ್ಲವಾದರೆ ಬರಿದಾದ ಜಾಗವನ್ನು ನೋಡಿ ನೀರೇ ಇಲ್ಲವೆಂದು ಜನರು ಭ್ರಮಿಸಿಯಾರು. ಇಡೀ ವರ್ಷದ ನೋಟಕ್ಕೆ ಒಮ್ಮೆಲೇ ಮರಳುವ ಗುಂಡಿಯೂ ಇರತಕ್ಕದ್ದು.

ಆದುದರಿಂದ ಗ್ರಾಮದ ಮುಖಂಡರೂ ಭೂಮಾಲೀಕರೂ ಮೊದಲು ವರ್ಷವೆಲ್ಲವನ್ನೂ ನೋಡಿ, ಬಳಿಕ ಹಿಗ್ಗಿಸಿ, ಕಡೆಯ ತಾರೀಖಿನವರೆಗೂ ಸರಿಸಿ, ಕೆಳಗಿನ ತಾರೀಖುಗಳನ್ನೂ ಪಕ್ಕದ ಅಳತೆಯನ್ನೂ ಓದಿಕೊಳ್ಳುವುದು ಯುಕ್ತವು. ಜಲಾಶಯದಲ್ಲಿ ನೀರಿದ್ದ ಮಾತ್ರಕ್ಕೆ ಹೊಲಕ್ಕೆ ನೀರು ಬಂದಂತಾಗಲಿಲ್ಲ; ನೀರಾವರಿ ಸಲಹಾ ಸಮಿತಿಯ ತೀರ್ಮಾನವನ್ನು ತಿಳಿದ ನಂತರವೇ ಸಸಿಮಡಿಗೆ ಬೀಜ ಹಾಕುವುದು ಕ್ಷೇಮಕರವು.