ಕೀ ತಿರುಗಿಸಿದರೂ ಗಾಡಿ ಮಾತಾಡದಿದ್ದರೆ

ತರಕಾರಿ ತುಂಬಿಕೊಂಡು ನಸುಕಿನಲ್ಲೇ ವಾಶಿ ಮಾರುಕಟ್ಟೆಯಿಂದ ಹೊರಡುವ ಹಳೆಯ ಪಿಕಪ್ ಗಾಡಿಗಳ ಬಗ್ಗೆ ಈ ಸಲ ನಾಲ್ಕು ಮಾತು. ಒಂದು ಬೆಳಗ್ಗೆ ಕೀ ತಿರುಗಿಸಿದರೆ ದೀಪವಿಲ್ಲ, ಹಾರ್ನ್ ಇಲ್ಲ, ಸ್ಟಾರ್ಟರ್ ಸದ್ದಿಲ್ಲ. ಹಿಂದೆ ಸೊಪ್ಪು ಬಾಡುತ್ತಿದೆ, ಅಂಗಡಿಯಿಂದ ಫೋನ್ ಮೇಲೆ ಫೋನ್. ಆ ಗಡಿಬಿಡಿಯಲ್ಲಿ ಅನೇಕರು ನೇರವಾಗಿ ಹೊಸ ಬ್ಯಾಟರಿ ತರುತ್ತಾರೆ. ದುಡ್ಡು ಹೋಗುತ್ತದೆ, ಎರಡು ವಾರಕ್ಕೆ ಮತ್ತೆ ಅದೇ ಕಥೆ. ಹಳೆಯ ಗಾಡಿಯಲ್ಲಿ ಎಷ್ಟೋ ಸಲ ಕೈಕೊಡುವುದು ಬ್ಯಾಟರಿಯಲ್ಲ, ಕರೆಂಟು ಹಾದುಹೋಗುವ ದಾರಿ.

ಮೊದಲು ಹೆಡ್‌ಲೈಟ್ ಹಾಕಿ, ಆಮೇಲೆ ಸ್ಟಾರ್ಟ್ ಮಾಡಿ ನೋಡಿ. ಬೆಳಕು ನಿಧಾನವಾಗಿ ಮಂಕಾಗಿ ಟಿಕ್ ಟಿಕ್ ಎಂದರೆ ಬ್ಯಾಟರಿ ಇಳಿದಿರಬಹುದು. ಬೆಳಕು ಒಮ್ಮೆಲೇ ಆರಿಹೋದರೆ ಎಲ್ಲೋ ಜೋಡಣೆ ಸಡಿಲವಾಗಿದೆ. ಬೆಳಕು ಕದಲದೆ ಹಾಗೇ ಇದ್ದು ಸ್ಟಾರ್ಟರ್ ಸುಮ್ಮನಿದ್ದರೆ ಇಗ್ನಿಷನ್ ಸ್ವಿಚ್, ಸ್ಟಾರ್ಟರ್ ಕಡೆ ಹುಡುಕಬೇಕು. ಏನೂ ಹತ್ತದಿದ್ದರೆ ಬ್ಯಾಟರಿ ಟರ್ಮಿನಲ್, ಮತ್ತು ಬ್ಯಾಟರಿಯಿಂದ ಹೊರಡುವ ದಪ್ಪ ವೈರಿನ ಮುಖ್ಯ ಫ್ಯೂಸ್ ನೋಡಿ.

ಟರ್ಮಿನಲ್ ಮೇಲೆ ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೆ ಬಿಚ್ಚಿ ತೊಳೆಯಿರಿ. ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ಉಜ್ಜಿದರೆ ಸಾಕು, ಆದರೆ ಆ ನೀರು ಬ್ಯಾಟರಿಯೊಳಗೆ ಇಳಿಯಬಾರದು. ಬಿಚ್ಚುವಾಗ ನೆಗೆಟಿವ್ ಮೊದಲು, ಹಾಕುವಾಗ ಅದೇ ಕೊನೆಗೆ. ಬ್ಯಾಟರಿಯಿಂದ ಹೊರಡುವ ಗ್ಯಾಸು ಹೊತ್ತಿಕೊಳ್ಳುವಂಥದ್ದು, ಬೀಡಿ ಆಮೇಲೆ ಸೇದಿದರಾಯಿತು.

ಇಷ್ಟು ಮಾಡಿದ ಮೇಲೂ ಜನ ಮರೆಯುವುದು ಅರ್ಥ್. ಬ್ಯಾಟರಿಯಿಂದ ಹೊರಟ ಕರೆಂಟು ವಾಪಸು ಬರಲು ಗಾಡಿಯಲ್ಲಿ ಬೇರೆ ವೈರು ಎಳೆದಿರುವುದಿಲ್ಲ, ಎಂಜಿನ್ನು, ಚಾಸಿಗಳ ಕಬ್ಬಿಣವೇ ಅದರ ದಾರಿ. ಎಂಜಿನ್ನಿನಿಂದ ಚಾಸಿಗೆ ಹೆಣೆದ ತಾಮ್ರದ ಪಟ್ಟಿಯೋ ದಪ್ಪ ಕೇಬಲ್ಲೋ ಇರುತ್ತದೆ. ಮುಂಬಯಿಯ ಮಳೆ, ಉಪ್ಪುಗಾಳಿಗೆ ಅದರ ಬೋಲ್ಟು ತುಕ್ಕು ಹಿಡಿಯುತ್ತದೆ. ಟಿಂಕರಿಂಗ್ ಮಾಡಿಸಿದ ಗಾಡಿಯಲ್ಲಿ ಹೊಸ ಪೇಂಟಿನ ಮೇಲೆಯೇ ಬೋಲ್ಟು ಬಿಗಿದಿರುತ್ತಾರೆ, ಪೇಂಟು ಕರೆಂಟು ಬಿಡುವುದಿಲ್ಲ. ಇಂಡಿಕೇಟರ್ ಹಾಕಿದರೆ ಹಿಂದಿನ ಬ್ರೇಕ್ ಲೈಟೂ ಮಿಣುಕುತ್ತದೆಯೇ? ಸ್ಟಾರ್ಟ್ ಮಾಡುವಾಗ ಆಕ್ಸಿಲರೇಟರ್ ಕೇಬಲ್ ಬಿಸಿಯಾಗುತ್ತದೆಯೇ? ಕರೆಂಟು ಕಳ್ಳದಾರಿ ಹಿಡಿದಿದೆ ಎಂದು ತಿಳಿಯಿರಿ.

ಇದನ್ನು ಪರೀಕ್ಷಿಸಲು ಮೆಕ್ಯಾನಿಕ್ಕೇ ಬೇಕೆಂದಿಲ್ಲ. ಗಾಡಿ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಹಾಕಿರಿ. ಜಂಪರ್ ಕೇಬಲ್ಲಿನ ಒಂದು ತುದಿಯನ್ನು ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದನ್ನು ಎಂಜಿನ್ನಿನ ಬರಿ ಲೋಹಕ್ಕೆ ಕಚ್ಚಿಸಿ ಸ್ಟಾರ್ಟ್ ಮಾಡಿ. ಈಗ ಎಂಜಿನ್ ಚುರುಕಾಗಿ ತಿರುಗಿದರೆ ಕಳ್ಳ ಸಿಕ್ಕಿಬಿದ್ದ. ಪಾಸಿಟಿವ್‌ಗೆ ಮಾತ್ರ ಅಪ್ಪಿತಪ್ಪಿಯೂ ಹಾಗೆ ಮಾಡಬೇಡಿ. ಬೋಲ್ಟು ಬಿಚ್ಚಿ, ಕಬ್ಬಿಣ ಹೊಳೆಯುವವರೆಗೆ ಉಪ್ಪುಕಾಗದದಿಂದ ತಿಕ್ಕಿ, ಬಿಗಿದು, ಮೇಲೆ ಗ್ರೀಸು ಹಚ್ಚಿ.

ಚಿಕ್ಕ ಮಲ್ಟಿಮೀಟರ್ ಒಂದು ಗಾಡಿಯಲ್ಲಿದ್ದರೆ ಊಹೆ ತಪ್ಪುತ್ತದೆ. ರಾತ್ರಿಯಿಡೀ ನಿಂತ ಗಾಡಿಯ ಒಳ್ಳೆಯ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ, 12ಕ್ಕೆ ಇಳಿದಿದ್ದರೆ ಹೆಚ್ಚುಕಡಿಮೆ ಬರಿದು. ಎಂಜಿನ್ ಓಡುವಾಗ 13.8ರಿಂದ 14.4ರ ಆಸುಪಾಸು ಇರಬೇಕು. ಏರದಿದ್ದರೆ ಆಲ್ಟರ್ನೇಟರ್ ಬೆಲ್ಟು ಮೊದಲು ನೋಡಿ, ಆಮೇಲೆ ಆಲ್ಟರ್ನೇಟರ್. ಅದನ್ನು ಪರೀಕ್ಷಿಸಲೆಂದು ಓಡುವ ಎಂಜಿನ್ನಿನಲ್ಲಿ ಬ್ಯಾಟರಿ ವೈರು ಕಿತ್ತು ತೋರಿಸುವ ಹಳೆಯ ಉಸ್ತಾದರಿದ್ದಾರೆ, ದಯವಿಟ್ಟು ಬಿಡಬೇಡಿ, ಆಲ್ಟರ್ನೇಟರಿನ ಡಯೋಡು ಸುಡುತ್ತದೆ. ಎಲ್ಲ ಸರಿಯಿದ್ದೂ ರಾತ್ರಿ ಬೆಳಗಾಗುವಷ್ಟರಲ್ಲಿ ಬ್ಯಾಟರಿ ಇಳಿದರೆ, ಆಮೇಲೆ ಹಾಕಿಸಿದ ಸ್ಟೀರಿಯೋ, ಬಣ್ಣದ ಲೈಟುಗಳ ಮೇಲೆ ಅನುಮಾನಪಡಿ.

ಫ್ಯೂಸ್ ಪದೇ ಪದೇ ಹೋಗುತ್ತದೆಂದು 15 ಆಂಪಿಯರ್ ಜಾಗಕ್ಕೆ 30ರದ್ದು ಹಾಕುವುದು, ಸಿಗರೇಟ್ ಪ್ಯಾಕಿನ ಬೆಳ್ಳಿಕಾಗದ ಸುತ್ತುವುದು ಬೇಡವೇ ಬೇಡ. ಆಗ ಫ್ಯೂಸಿನ ಬದಲು ವೈರು ಸುಡುತ್ತದೆ, ಅದರ ಹಿಂದೆ ಗಾಡಿ.

ಕೊನೆಗೊಂದು ನಮ್ಮ ಕಸುಬಿನ ಮಾತು. ಗಾಡಿಯಲ್ಲಿ ರೇಡಿಯೋ ಕೇಳುವಾಗ ಎಂಜಿನ್ನಿನ ವೇಗದೊಂದಿಗೆ ಏರಿಳಿಯುವ ಕುಯ್ಯೆಂಬ ಸದ್ದು ಬಂದರೆ ಸ್ಟೇಷನ್ನನ್ನು ಬೈಯಬೇಡಿ. ಅರ್ಥ್ ಅಥವಾ ಆಲ್ಟರ್ನೇಟರ್ ಒಮ್ಮೆ ತೋರಿಸಿಬಿಡಿ.